ಸಹಾಯ ಬೇಕು: ‘ಕರ್ವಾಲೊ’ ಓದಿಯೂ ನಗದ ಮಗಳು

ನಮಸ್ಕಾರ. ನಾವಿರುವುದು ಪುಣೆಯಲ್ಲಿ. ಒಂಬತ್ತನೆಯ ತರಗತಿಯ ಮಗಳು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ರಜೆಯಲ್ಲಿ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ (1980) ಕೊಟ್ಟೆ. ಗೊತ್ತಿಲ್ಲದ ಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಕೊನೆಯಲ್ಲಿ ಬರುವ ಹಾರುವ ಓತಿಯ ತನಕ ಮುಗಿಸಿದಳು, ಒಮ್ಮೆಯೂ ನಗಲಿಲ್ಲ! ಮೊನ್ನೆ ರಾತ್ರಿ ಅದರಲ್ಲಿ ಬರುವ ಹಳ್ಳಿಗ ಮಂದಣ್ಣನ ಮಾತುಗಳನ್ನು ನಾನೇ ಗಟ್ಟಿಯಾಗಿ ಓದಿದೆ. ಎರಡನೆಯ ಪುಟಕ್ಕೇ ಹೊಟ್ಟೆ ಹಿಡಿದುಕೊಂಡಳು. ಅವಳಿಗೆ ನಿಘಂಟಿಗಿಂತ ಹೆಚ್ಚಾಗಿ ಒಂದು ದನಿ ಬೇಕಿತ್ತು ಎಂದು ಆಗ ಹೊಳೆಯಿತು. ಕಥೆ ಹೇಳುವ ‘ನಾನು’ ತನ್ನನ್ನೂ ಗೇಲಿಗೆ ಒಡ್ಡಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಾನಲ್ಲ, ಆ ತುಂಟ ಗಾಂಭೀರ್ಯ ಮೌನ ಓದಿನಲ್ಲಿ ಅವಳಿಗೆ ದಕ್ಕಿರಲಿಲ್ಲ.

ತೊಂದರೆ ಏನೆಂದರೆ ನಾನು ಬಯಲುಸೀಮೆಯವನು, ಕಥೆ ನಡೆಯುವ ಮಲೆನಾಡಿನ ಮೂಡಿಗೆರೆ ಕಡೆಯ ಮಾತಿನ ಏರಿಳಿತ ನನಗೆ ಬಾರದು. (ದಾವಣಗೆರೆಯ ಮಂದಣ್ಣ ಮಂದಣ್ಣನೇ ಅಲ್ಲ ಎಂಬುದು ಹೆಂಡತಿಯ ತೀರ್ಪು.) ಆ ಕಡೆಯವರು ಯಾರಾದರೂ ನಾಲ್ಕೈದು ಪುಟ ಓದಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕಳುಹಿಸುವಿರಾ? ಹೀಗೇ ನಿರೂಪಕನೇ ನಗೆಪಾಟಲಾಗುವ ಇನ್ನೊಂದೆರಡು ಕನ್ನಡ ಪುಸ್ತಕಗಳನ್ನು ಸೂಚಿಸಿದರೂ ಉಪಕಾರ. ಅರ್ಥ ವಿವರಿಸಿ ನಗಿಸುವ ಉಪಾಯ ಮಾತ್ರ ಬೇಡ, ಅದನ್ನು ಮಾಡಿ ಸೋತಿದ್ದೇನೆ.