ಅಪ್‌ಡೇಟ್: ನೆಬ್ರಾಸ್ಕಾದ ಹಿರಿಯರ ಜಮೀನಿನ ಕಡತ ಸಿಕ್ಕಿತು

ನನ್ನ ಸೊಸೆಯ ಮುತ್ತಜ್ಜನ ತಂದೆ 1870ರ ದಶಕದಲ್ಲಿ ಸ್ವೀಡನ್‌ನಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯಕ್ಕೆ ಬಂದು ನೆಲೆಸಿದವರು. ಅವರ ಮೂಲ ಹುಡುಕುವುದು ಹೇಗೆ ಅಂತ ಇಲ್ಲಿ ಕೇಳಿದ್ದೆ. ಅಮೆರಿಕದ 1890ರ ಜನಗಣತಿ ದಾಖಲೆಯ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಗಿದೆ, ಜಮೀನಿನ ಕಾಗದ ನೋಡಿ ಅಂದಿದ್ದಿರಿ.

ಹಕ್ಕುಪತ್ರ ಆನ್‌ಲೈನ್‌ನಲ್ಲೇ ಸಿಕ್ಕಿತು. ಅದರ ನಂಬರ್ ಕೊಟ್ಟು ವಾಷಿಂಗ್ಟನ್‌ನ ಸರ್ಕಾರಿ ದಾಖಲೆ ಭಂಡಾರ ನ್ಯಾಷನಲ್ ಆರ್ಕೈವ್ಸ್‌ನಿಂದ ಪೂರ್ತಿ ಕಡತ ತರಿಸಿದೆವು. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸರ್ಕಾರಿ ಜಮೀನು ಸಿಗಬೇಕಾದರೆ ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕಿತ್ತು, ಇಬ್ಬರು ಸಾಕ್ಷಿ ಹೇಳಬೇಕಿತ್ತು. ಆ ಹೇಳಿಕೆಗಳಲ್ಲೇ ಇರುವುದು ಮಜಾ! ಹುಲ್ಲುಬೇರಿನ ಮಣ್ಣುಹೆಂಟೆ ಜೋಡಿಸಿ ಕಟ್ಟಿದ ಮನೆ, ಒಂದು ಬಾಗಿಲು, ಎರಡು ಕಿಟಕಿ, ಬಾವಿ, ಕೋಳಿಗೂಡು. ನಮ್ಮ ಪಹಣಿಯಲ್ಲಿ ಇಷ್ಟೆಲ್ಲ ಎಲ್ಲಿರುತ್ತೆ ಹೇಳಿ.

ಸಾಕ್ಷಿ ಹಾಕಿದ ಪಕ್ಕದ ಹೊಲದವನ ಅಡ್ಡಹೆಸರೂ ನಮ್ಮ ಹಿರಿಯರ ಹೆಂಡತಿಯ ತವರಿನ ಅಡ್ಡಹೆಸರೂ ಒಂದೇ. ಭಾವಮೈದುನ ಅಂತ ಸೊಸೆಯ ವಾದ. ಆಗ ಸ್ವೀಡನ್‌ನವರಲ್ಲಿ ಅಪ್ಪನ ಹೆಸರೇ ಅಡ್ಡಹೆಸರಾಗುತ್ತಿದ್ದದ್ದು ಜಾಸ್ತಿ ಅಲ್ವಾ, ಸಂಬಂಧ ಇಲ್ಲದವರಿಗೂ ಒಂದೇ ಅಡ್ಡಹೆಸರು ಇರಬಹುದು; ಸುಮ್ನೆ ಹಾಗೆ ನಂಬಲಾರೆ.

ಪೌರತ್ವದ ಕಾಗದದಲ್ಲಿ ಸ್ವೀಡನ್ ದೊರೆಯ ಪ್ರಸ್ತಾಪವಷ್ಟೇ ಇದೆ, ಊರಿಲ್ಲ. ನೆಬ್ರಾಸ್ಕಾದ ಸ್ವೀಡಿಷ್ ಲೂಥರನ್ ಚರ್ಚುಗಳ ಪುಸ್ತಕದಲ್ಲಿ ಎಷ್ಟೋ ಸಲ ಹುಟ್ಟೂರು ಬರೆದಿರುತ್ತಾರಂತೆ. ಸೊಸೆ ಈಗ ಅಲ್ಲಿಗೆ ಪತ್ರ ಹಾಕಿದ್ದಾಳೆ.