2017ರ ಪಿಸಿಗೆ ಯಾವ ಓಎಸ್ ಹಾಕಲಿ, ಮೊದಲು ಏನು ಬದಲಿಸಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು ಐ5-7400 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 8 ಜಿಬಿ ಡಿಡಿಆರ್4 ರ‍್ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಇನ್ನೂ ವಿಂಡೋಸ್ 10 ಇದೆ. ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಈ 7ನೇ ಜನರೇಷನ್ ಪ್ರೊಸೆಸರ್ ಅದರ ಪಟ್ಟಿಯಲ್ಲೇ ಇಲ್ಲ. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ನಾನು ಆಡುವ ವ್ಯಾಲೊರಂಟ್ ಗೇಮ್‌ಗೆ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನೋ ಭದ್ರತಾ ವ್ಯವಸ್ಥೆ ಎರಡೂ ಬೇಕು. ಬಯೋಸ್‌ನಲ್ಲಿ (ಬೋರ್ಡ್‌ನ ಸೆಟ್ಟಿಂಗ್ಸ್) ಪಿಟಿಟಿ, ಅಂದರೆ ಇಂಟೆಲ್‌ನ ಟಿಪಿಎಂ, ಆನ್ ಮಾಡಿ ಇದೇ ತರಹದ ಬೋರ್ಡ್‌ನಲ್ಲಿ ಯಾರಾದರೂ ಆಡುತ್ತಿದ್ದೀರಾ?

ಲಿನಕ್ಸ್ ಕೂಡ ನೋಡಿದೆ. ಕೌಂಟರ್ ಸ್ಟ್ರೈಕ್ 2 ಓಡುತ್ತದೆ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸ್ಟೀಮ್‌ನ ಪ್ರೋಟಾನ್‌ನಿಂದ ಬೇರೆ ಗೇಮ್‌ಗಳೂ ಜಾಸ್ತಿ ನಡೆಯುತ್ತವೆ. ವ್ಯಾಲೊರಂಟ್ ಮಾತ್ರ ಇಲ್ಲವೇ ಇಲ್ಲ. ತಮ್ಮ ಬೇರೆ ಊರಿನಲ್ಲಿದ್ದಾನೆ. ರಾತ್ರಿ ನಾವಿಬ್ಬರೂ ಮಾತಾಡೋದೇ ಆ ಗೇಮ್ ಆಡುತ್ತಾ. ಬಿಡೋಕೆ ಮನಸ್ಸಿಲ್ಲ.

ಮ್ಯಾಪ್ ತೆರೆಯುವಾಗ ಹಾರ್ಡ್ ಡಿಸ್ಕ್ ಕಟಕಟ ಅನ್ನುತ್ತಲೇ ಇರುತ್ತದೆ. ನಾನು ಒಳಗೆ ಬರುವಷ್ಟರಲ್ಲಿ ಉಳಿದವರೆಲ್ಲ ಗನ್ ಕೊಂಡು ನಿಂತಿರುತ್ತಾರೆ. ಹಾಗಾಗಿ ಮೊದಲು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡ್ರೈವ್), ಜೊತೆಗೆ ಇನ್ನೊಂದು 8 ಜಿಬಿ ಸ್ಟಿಕ್ ಅಂತ ನನ್ನ ಲೆಕ್ಕ. ಅಂಗಡಿಯವರು ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿ ಸಾಕು ಅಂತಾರೆ. ನನ್ನ ಎಸ್‌ಎಂಪಿಎಸ್‌ನಲ್ಲಿ (ಪವರ್ ಸಪ್ಲೈ) ಆ ಕಾರ್ಡ್‌ಗೆ ಬೇಕಾದ 8 ಪಿನ್ ವೈರೇ ಇಲ್ಲ, ಅದನ್ನು ಅವರು ಕೇಳಲೂ ಇಲ್ಲ.

ಬಜೆಟ್ 25,000 ರೂಪಾಯಿ. ಸುಮ್ನೆ ಹಳೆಯದಕ್ಕೆ ದುಡ್ಡು ಸುರಿಯುವ ಬದಲು ರೈಜೆನ್ 5 5600 ಪ್ರೊಸೆಸರ್ ಮತ್ತು ಬಿ550 ಬೋರ್ಡ್ ತಗೊಂಡರೆ ನನ್ನ ರ‍್ಯಾಮ್ ಅದಕ್ಕೂ ಆಗುತ್ತದೆ ಅಲ್ವಾ? ಕಾರ್ಡ್ ಆಮೇಲೆ ನೋಡಿಕೊಳ್ಳುತ್ತೇನೆ. ಹೀಗೆ ಹಂತ ಹಂತವಾಗಿ ಬದಲಿಸಿದವರು ದಯವಿಟ್ಟು ತಿಳಿಸಿ.