ಶನಿವಾರದ ಪತಂಗ ನೋಡೋ ಕಾರ್ಯಕ್ರಮಕ್ಕೆ ದೊಡ್ಡಮ್ಮನ ಉತ್ತರ

ಹಾಂ... ರೆಕಾರ್ಡ್ ಆಗ್ತಿದೆ. ಟೈಪ್ ಮಾಡ್ತಾ ಕೂತರೆ ಬೆಳಗಾಗುತ್ತೆ, ಅದಕ್ಕೆ ಮಾತಾಡೇ ಕಳಿಸ್ತಿದ್ದೀನಿ. ಉದ್ದ ಆಗುತ್ತೆ, ಕೈಯಲ್ಲಿ ಏನಾದ್ರೂ ಕೆಲಸ ಇಟ್ಕೊಂಡು ಕೇಳಿ.

ನಿನ್ನೆ ಪುಟ್ಟಿ ಬಾಗಿಲ ಪಕ್ಕದ ಗೋಡೆ ಮೇಲೆ ಕೂತಿದ್ದ ಹಸಿರು ಪತಂಗದ ಫೋಟೋ ಹಾಕಿದ್ಲಲ್ಲ. ಭಾವ ‘ವಿಷ ಇರುತ್ತೆ, ಸ್ಪ್ರೇ ಹೊಡೀರಿ’ ಅಂದ್ರು. ಅತ್ತಿಗೆ ‘ರೆಕ್ಕೆ ಪುಡಿ ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ’ ಅಂದ್ರು. ಪುಟ್ಟಿ ಮಾತ್ರ ಅದನ್ನೆಲ್ಲ ಕಿವಿಗೇ ಹಾಕ್ಕೊಳ್ದೆ, ‘ದೊಡ್ಡಮ್ಮ, ಶನಿವಾರ ರಾತ್ರಿ ಎಲ್ಲಾ ಸೇರಿ ಟೆರೇಸ್ ಮೇಲೆ ಬಿಳಿ ಬಟ್ಟೆ ಕಟ್ಟಿ ಪತಂಗ ನೋಡೋಣ್ವಾ’ ಅಂತ ಕೇಳಿದ್ಲು. ನೋಡೋಣ ಪುಟ್ಟಿ. ಆದ್ರೆ ಮೊದಲು ದೊಡ್ಡವರದ್ದು ಮುಗಿಸ್ತೀನಿ.

ಭಾವ, ಅದು ಕಣಗಿಲೆ ಗಿಡದ ಪತಂಗ. ಮಿಲಿಟರಿಯವರ ಬಟ್ಟೆ ಥರ ಹಸಿರು, ನಡುವೆ ಒಂಚೂರು ಗುಲಾಬಿ. ಮರಿಹುಳ ಆಗಿದ್ದಾಗ ಕಣಗಿಲೆ ಎಲೆ, ನಂದಿಬಟ್ಟಲು ಎಲೆ ತಿಂದು ಬೆಳೆಯುತ್ತೆ. ದೊಡ್ಡದಾದ ಮೇಲೆ ಅದಕ್ಕೆ ಕಚ್ಚೋಕೆ ಹಲ್ಲೂ ಇಲ್ಲ, ಚುಚ್ಚೋಕೆ ಕೊಂಡಿನೂ ಇಲ್ಲ. ಇರೋದು ಹೂವಿನ ರಸ ಹೀರೋ ಒಂದು ಉದ್ದನೆ ಕೊಳವೆ, ಅದನ್ನೂ ಸುರುಳಿ ಸುತ್ತಿ ಇಟ್ಕೊಂಡಿರುತ್ತೆ. ಅದಕ್ಕೆ ಸ್ಪ್ರೇ ಯಾಕೆ ಹೇಳಿ.

ಅತ್ತಿಗೆ, ಆ ಪುಡಿ ಅಂದ್ರೆ ಹುರುಪೆ. ಮೀನಿಗಿದ್ದ ಹಾಗೆ ರೆಕ್ಕೆ ಮೇಲೆಲ್ಲ ಸಾಲಾಗಿ ಜೋಡಿಸಿರುತ್ತೆ, ಬಣ್ಣ ಎಲ್ಲ ಅದರದ್ದೇ. ಜೇಡರ ಬಲೆಗೆ ಬಿದ್ದಾಗ ಹುರುಪೆ ಬಲೆಗೆ ಅಂಟ್ಕೊಂಡು ಉದುರುತ್ತೆ, ಪತಂಗ ಜಾರಿ ತಪ್ಪಿಸ್ಕೊಳ್ಳುತ್ತೆ. ಅದು ತಗುಲಿ ಯಾರ ಕಣ್ಣೂ ಹೋಗಲ್ಲ, ಕೈ ತೊಳ್ಕೊಂಡ್ರೆ ಸಾಕು. ಹೆದರೋದೇ ಆದ್ರೆ ಕಂಬಳಿಹುಳಕ್ಕೆ ಹೆದರಿ. ಅದರ ಕೂದಲು ಚುಚ್ಚಿದ್ರೆ ನಿಜವಾಗ್ಲೂ ತುರಿಕೆ, ದದ್ದು. ಮಕ್ಕಳಿಗೆ ಅದನ್ನ ಮುಟ್ಟಬೇಡಿ ಅಂತ ಈಗಲೇ ಹೇಳಿಡಿ.

ಅಂದಹಾಗೆ, ಬಾತ್‌ರೂಂ ಗೋಡೆ ಮೇಲೆ ಸೌತೆಬೀಜದ ಆಕಾರದ್ದು, ಧೂಳಿನ ಬಣ್ಣದ ಚಪ್ಪಟೆ ಚೀಲ ಒಂದು ತೆವಳ್ತಾ ಇರುತ್ತಲ್ಲ? ಅದೂ ಪತಂಗದ ಮರೀನೇ! ಚೀಲಕ್ಕೆ ಎರಡೂ ಕಡೆ ಬಾಯಿ, ಯಾವ ಕಡೆಯಿಂದ ಬೇಕಾದ್ರೂ ತಲೆ ಹೊರಗೆ ಹಾಕುತ್ತೆ. ಇಷ್ಟು ವರ್ಷ ಅದನ್ನ ಕಸ ಅಂತ ಗುಡಿಸಿ ಹಾಕಿದವಳು ನಾನೂ ಹೌದು.

ಈಗ ಶನಿವಾರದ್ದು. ನಾನು ಮೊದಲನೇ ಸಲ ಬಟ್ಟೆ ಕಟ್ಟಿದ್ದು ಹುಣ್ಣಿಮೆ ರಾತ್ರಿ, ಮೇಲಿಂದ ಗಾಳಿ. ಬಂದಿದ್ದು ಸೊಳ್ಳೆ, ಮತ್ತೆ ಆ ಸೊಳ್ಳೆ ತಿನ್ನೋಕೆ ಒಂದು ಹಲ್ಲಿ. ಅವತ್ತೇ ಗೊತ್ತಾಯ್ತು, ಕತ್ತಲಿರಬೇಕು, ಗಾಳಿ ಇರಬಾರದು, ಸ್ವಲ್ಪ ಸೆಕೆ ಇದ್ರೆ ಇನ್ನೂ ಒಳ್ಳೇದು. ಈ ಶನಿವಾರ ಅಮಾವಾಸ್ಯೆಗೆ ಎರಡೇ ದಿನ ಇರೋದ್ರಿಂದ ಸರಿಹೋಗುತ್ತೆ. ಹಳೇ ಬಿಳಿ ಬೆಡ್‌ಶೀಟು, ಎರಡು ಕಂಬ, ಮುಂದೆ ಒಂದು ಬಿಳಿ ಬಲ್ಬು. ಚಿಕ್ಕಪ್ಪನ ಹತ್ರ ನೇರಳೆ ಬೆಳಕಿನ ಯುವಿ ದೀಪ ಇದ್ರೆ ತರಲಿ, ಪತಂಗಗಳಿಗೆ ಆ ಬೆಳಕು ಚೆನ್ನಾಗಿ ಕಾಣುತ್ತೆ. ಮಕ್ಕಳು ಮಾತ್ರ ಅದನ್ನ ದಿಟ್ಟಿಸಿ ನೋಡಬಾರದು.

ಒಂದು ವಿಷಯಕ್ಕೆ ನಾನು ಹಠ ಹಿಡೀತೀನಿ, ಈಗಲೇ ಹೇಳ್ತೀನಿ. ರಾತ್ರಿ ಹತ್ತೂವರೆಗೆ ದೀಪ ಆರಬೇಕು. ಯಾಕೆ ಅಂದ್ರೆ, ದೀಪದ ಮೇಲಿನ ಮೋಹಕ್ಕೆ ಪತಂಗ ಬಂದು ಬೀಳುತ್ತೆ ಅಂತ ಕವಿಗಳು ಬರೆದ್ರು, ನಾವೂ ನಂಬಿದ್ವಿ. ಮೋಹಾನೂ ಇಲ್ಲ ಏನೂ ಇಲ್ಲ. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ದಾರೆ. ಹಾರೋ ಹುಳಕ್ಕೆ ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆ ಬೆನ್ನು ತಿರುಗಿಸೋ ಅಭ್ಯಾಸ. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶಾನೇ ಬೆಳಕಾಗಿರುತ್ತಲ್ಲ, ಬೆನ್ನು ಬೆಳಕಿಗಿದ್ರೆ ತಾನು ನೆಟ್ಟಗಿದ್ದೀನಿ ಅಂತ ಅದರ ಲೆಕ್ಕ. ನಾವು ಪಕ್ಕದಲ್ಲಿ ಬಲ್ಬು ಹಾಕಿದ್ವಿ ಅನ್ಕೊಳ್ಳಿ, ಪಾಪ ಅದು ಆ ಕಡೆಗೆ ವಾಲ್ಕೊಂಡು ಗಿರಗಿರ ಸುತ್ತುತ್ತೆ. ಬಲ್ಬಿನ ಮೇಲೆ ಹಾದುಹೋದ್ರೆ ತಲೆಕೆಳಗಾಗಿ ಬಿದ್ದೇ ಬಿಡುತ್ತೆ. ಅಂದ್ರೆ ನಾವು ಅದನ್ನ ಕರೀತಿಲ್ಲ, ದಾರಿ ತಪ್ಪಿಸ್ತಿದ್ದೀವಿ.

ಅದಕ್ಕೆಷ್ಟು ಟೈಮ್ ಇರುತ್ತೆ ಹೇಳಿ! ಅಟ್ಲಾಸ್ ಪತಂಗ ರೆಕ್ಕೆ ಬಿಚ್ಚಿದ್ರೆ 24 ಸೆಂಟಿಮೀಟರ್‌ವರೆಗೂ ಬರುತ್ತೆ, ಆದ್ರೆ ಅದಕ್ಕೆ ತಿನ್ನೋಕೆ ಬಾಯೇ ಇಲ್ಲ. ಹುಳವಾಗಿದ್ದಾಗ ತಿಂದು ಕೂಡಿಟ್ಟಿದ್ದರಲ್ಲೇ ಒಂದೆರಡು ವಾರ ಬದುಕಿ, ಜೋಡಿ ಹುಡುಕಿ, ಮೊಟ್ಟೆ ಇಟ್ಟು ಮುಗಿಸಬೇಕು. ಗಂಡಿಗೆ ಗರಿ ಥರ ಮೀಸೆ ಇರೋದು ಅದಕ್ಕೇ, ದೂರದ ಹೆಣ್ಣಿನ ವಾಸನೆ ಹಿಡಿಯೋಕೆ. ಆ ವಾಸನೆ ಎಷ್ಟು ಸೂಕ್ಷ್ಮ ಅಂದ್ರೆ, 1959ರಲ್ಲಿ ಜರ್ಮನಿಯ ಬುಟೆನಾಂಟ್ ಅನ್ನೋ ವಿಜ್ಞಾನಿ ಸುಮಾರು 5 ಲಕ್ಷ ರೇಷ್ಮೆ ಪತಂಗಗಳಿಂದ ಅದನ್ನ ಬೇರ್ಪಡಿಸಿದಾಗ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಇಂಥ ಜೀವವನ್ನ ರಾತ್ರಿ ಪೂರ್ತಿ ನಮ್ಮ ಬೆಡ್‌ಶೀಟಿಗೆ ಅಂಟಿಸಿಟ್ರೆ ಹೇಗೆ? ಬೆಳಗ್ಗೆ ಹಕ್ಕಿಗಳು ಬಂದು ಒಂದೊಂದೇ ಹೆಕ್ಕಿಕೊಂಡು ಹೋಗುತ್ತೆ. ಅದಕ್ಕೆ ದೀಪ ಆರಿಸಿ, ಬಟ್ಟೆ ಮೆಲ್ಲಗೆ ಬಿಚ್ಚಿ, ಗಿಡಗಳ ಹತ್ರ ಒದರಿಯೇ ಮಲಗೋಕೆ ಹೋಗೋದು.

ಇನ್ನು ಹೆಸರಿಗೆ ಒದ್ದಾಡಬೇಡಿ. ಪ್ರಪಂಚದಲ್ಲಿ ಹೆಸರಿಟ್ಟಿರೋ ಪತಂಗಗಳೇ ಸುಮಾರು 1,60,000, ಚಿಟ್ಟೆಗಳು ಅದಕ್ಕಿಂತ ತುಂಬಾ ಕಮ್ಮಿ. ಹೋದ ಸಲ ಎಲ್ಲರೂ ಫೋನಲ್ಲಿ ಹೆಸರು ಹುಡುಕ್ತಾ ಕೂತು ಬಟ್ಟೆ ಕಡೆ ಯಾರೂ ನೋಡ್ಲೇ ಇಲ್ಲ. ಫೋಟೋ ತೆಗೆದು ಐನ್ಯಾಚುರಲಿಸ್ಟ್ ಅನ್ನೋ ಆ್ಯಪ್‌ಗೆ ಹಾಕಿ, ತಿಳಿದವರು ನಿಧಾನಕ್ಕೆ ಹೇಳ್ತಾರೆ. ಅವತ್ತು ನೋಡಬೇಕಾದ್ದು ಹೇಗೆ ಕೂತಿದೆ ಅಂತ. ಒಂದು ಒಣಗಿದೆಲೆ ಥರ, ಒಂದು ಮುರಿದ ಕಡ್ಡಿ ಥರ, ಒಂದು ಹಕ್ಕಿ ಹಿಕ್ಕೆ ಥರ (ಅದನ್ನ ಯಾರೂ ತಿನ್ನಲ್ಲ ನೋಡಿ, ಬುದ್ಧಿವಂತಿಕೆ). ಇಂಗ್ಲಿಷಿನ ಟೀ ಅಕ್ಷರ ಬರೆದ ಹಾಗೆ ಕೂರೋದೂ ಒಂದಿದೆ. ಮಕ್ಕಳು ಪೆನ್ಸಿಲ್ಲಲ್ಲಿ ಬರೀಲಿ, ಬರೆಯೋವಾಗ ಕಾಣೋದು ಫೋಟೋ ತೆಗೆಯೋವಾಗ ಕಾಣಲ್ಲ.

ಈ ಸಲ ಚೆನ್ನಾಗಾದ್ರೆ ಜುಲೈ ಕೊನೇ ವಾರ ಇನ್ನೊಂದು ಸಲ ಮಾಡೋಣ. 2012ರಿಂದ ಆ ವಾರ ಮಾತ್ ವೀಕ್, ಅಂದ್ರೆ ಪತಂಗಗಳ ವಾರ, ಅಂತ ಬೇರೆ ಬೇರೆ ದೇಶಗಳ ಜನ ಹೀಗೇ ಬಟ್ಟೆ ಕಟ್ಟಿ ಕೂರ್ತಾರೆ.

ಪುಟ್ಟಿ, ದೀಪದ ಸ್ವಿಚ್ಚು ನಿನ್ನ ಜವಾಬ್ದಾರಿ. ಹತ್ತೂವರೆಗೆ ನಾನೇ ‘ಇನ್ನೈದು ನಿಮಿಷ’ ಅಂತ ಗೋಗರೆದ್ರೂ ಕೇಳಬೇಡ, ಆರಿಸಿಬಿಡು. ಭಾವ, ನೀವು ಕುರ್ಚಿ ತಂದ್ರೆ ಸಾಕು, ಸ್ಪ್ರೇ ಡಬ್ಬ ಕೆಳಗೇ ಇರಲಿ.